ಕಟ್ಟೆಯ ಮೇಲಿನ ಅಕಾಡೆಮಿ

ದೇಶಕ್ಕೆಲ್ಲ ಒಂದೇ ವಿಜ್ಞಾನ ಅಕಾಡೆಮಿ ಇರಲಿ ಎಂದು ದೊಡ್ಡ ದೊಡ್ಡವರು ಕೂಡಿ ಕೂತರಂತೆ. ಎದ್ದಾಗ ಅದು ಮೂರಾಗಿತ್ತಂತೆ. ಬ್ರಿಟಿಷರ ಕಾಲದ ಮಾತು ಇದು. ಒಂದು ಗಂಗೆ ಯಮುನೆ ಕೂಡುವ ಊರಿನಲ್ಲಿ, ಒಂದು ಬೆಂಗಳೂರಿನಲ್ಲಿ, ಇನ್ನೊಂದು ಕಲ್ಕತ್ತೆಯಲ್ಲಿ. ಕಲ್ಕತ್ತೆಯದು ಆಮೇಲೆ ಗಂಟುಮೂಟೆ ಕಟ್ಟಿಕೊಂಡು ದಿಲ್ಲಿಗೆ ಹೋಯಿತು. ಈ ಕಥೆಯನ್ನು ನನ್ನ ಗಂಡ ಶಹಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೇಳುವಾಗ ನಾನು ಒಳಗೆ ಹೊಲಿಗೆ ಮಷಿನ್ ತುಳಿಯುತ್ತಿದ್ದೆ.

ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವರು. ಕೆಲವರಿಗೆ ಪುರಾಣದ ಹುಚ್ಚು, ಕೆಲವರಿಗೆ ಕ್ರಿಕೆಟ್ಟಿನ ಹುಚ್ಚು, ಇವರಿಗೆ ಅಕಾಡೆಮಿಯ ಚರಿತ್ರೆಯ ಹುಚ್ಚು. ನಾನು ಪಿಯುಸಿ ಓದಿ, ಮದುವೆಯಾಗಿ, ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತ ಬಂದವಳು. ಕಟ್ಟೆಗೂ ನನ್ನ ಮಷಿನ್ನಿಗೂ ನಡುವೆ ಒಂದೇ ಕಿಟಕಿ. ಕಥೆ ಚೆಂದದ ಜಾಗಕ್ಕೆ ಬಂದಾಗ ನನ್ನ ಕಾಲು ತನ್ನಷ್ಟಕ್ಕೆ ತಾನೇ ನಿಂತುಬಿಡುತ್ತಿತ್ತು. ಮಷಿನ್ ಸಪ್ಪಳ ನಿಂತಿತೆಂದರೆ ಇವರಿಗೆ ಹುರುಪು. ಎದುರಿಗೆ ಕೂತವರು ಹೌದು ಹೌದು ಎಂದರೂ ಇವರು ನಂಬುತ್ತಿರಲಿಲ್ಲ. ಕಿಟಕಿಯ ಒಳಗಿನ ಮಷಿನ್ನನ್ನೇ ನಂಬುತ್ತಿದ್ದರು.

ನಮ್ಮ ಕಟ್ಟೆಯ ಅಕಾಡೆಮಿ ಹುಟ್ಟಿದ್ದೂ ಹೆಚ್ಚುಕಡಿಮೆ ಅದೇ ರೀತಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆಯ ವಿಜ್ಞಾನ ಮಾಸ್ತರರು ತಿಂಗಳಿಗೊಮ್ಮೆ ಒಂದೆಡೆ ಕೂಡಬೇಕು, ಕಂಡದ್ದು ಓದಿದ್ದು ಮಾತಾಡಬೇಕು ಎಂದಾಯಿತು. ಎಲ್ಲಿ ಕೂಡುವುದು? ಯಾದಗಿರಿಯವರು, ನಮ್ಮಲ್ಲಿ ರೈಲು ನಿಲ್ಲುತ್ತದೆ ಎಂದರು. ಸುರಪುರದವರು, ನಮ್ಮದು ದೊರೆಗಳ ಊರು, ನೀವೇ ನಮ್ಮಲ್ಲಿಗೆ ಬರಬೇಕು ಎಂದರು. ಶಹಾಪುರದವರು, ನಾವು ನಟ್ಟನಡುವೆ ಇದ್ದೇವೆ, ಇನ್ನೇನು ಬೇಕು ಎಂದರು. ಚಾ ಆರಿತು, ಮಾತು ಮಾತ್ರ ಆರಲಿಲ್ಲ. ನನ್ನ ಗಂಡ ಒಬ್ಬರೇ ನಗುತ್ತ ಕೂತಿದ್ದರು. ಕಡೆಗೆ ಎಲ್ಲರೂ ತಮ್ಮ ತಮ್ಮ ಊರಲ್ಲಿ ಬೇರೆ ಬೇರೆ ಮಾಡಿಕೊಂಡರು. ಯಾದಗಿರಿಯದು ಬೇಗನೆ ಕಣ್ಣು ಮುಚ್ಚಿತು. ಸುರಪುರದ್ದರಲ್ಲಿ ಒಬ್ಬ ಗಣಿತದ ಮಾಸ್ತರು ಉಳಿದರು, ಅವರೂ ಬಸ್ಸು ಹತ್ತಿ ನಮ್ಮ ಕಟ್ಟೆಗೇ ಬರತೊಡಗಿದರು. ನಮ್ಮದು ಬದುಕಿದ್ದಕ್ಕೆ ವಿಜ್ಞಾನ ಕಾರಣವಲ್ಲ, ನನ್ನ ಚಾ ಮತ್ತು ಮಿರ್ಚಿ ಭಜಿ ಕಾರಣ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಇವರು ಮಾಡಿದ ನಿಯಮಗಳೆಲ್ಲ ದೊಡ್ಡ ಅಕಾಡೆಮಿಯಿಂದ ತಂದವು. ಅಲ್ಲಿ ಯಾರೂ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವಂತಿಲ್ಲ, ಒಳಗಿರುವ ಸದಸ್ಯರೇ ಸೂಚಿಸಬೇಕು. ಇಲ್ಲೂ ಹಾಗೆಯೇ. ಸೂಚಿತರಾದವರು ತಮ್ಮ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಎದ್ದು ನಿಂತು ಹೇಳಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಒಪ್ಪಿಗೆಯಾದರೆ ಕೈ ಎತ್ತಬೇಕು. ಎರಡು ಮಾತು ಹೇಳಲು ನಾಚಬಾರದು ಎಂದು ಇವರು ಪ್ರತಿ ಸಲ ಹೇಳುತ್ತಿದ್ದರು. ಒಂದು, 'ಗೊತ್ತಿಲ್ಲ.' ಇನ್ನೊಂದು, 'ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ.' ಮೊದಲನೆಯದನ್ನು ಜನ ಬೇಗ ಕಲಿತರು. ಎರಡನೆಯದು ಯಾರ ಬಾಯಿಂದಲೂ ಬರಲಿಲ್ಲ. ಮಾಸ್ತರರಿಗೆ ತಿರುಗಿ ಹೇಳಿ ಎನ್ನುವುದು ನಮ್ಮ ಕಡೆ ಎದುರು ಮಾತಾಡಿದ ಲೆಕ್ಕ.

ಕಟ್ಟೆ ಓಣಿಗೆ ತೆರೆದದ್ದರಿಂದ ಹೊಲದಿಂದ ಬರುವ ಹೆಂಗಸರು ಬುಟ್ಟಿ ಇಳಿಸಿ ಅಲ್ಲೇ ನಿಂತು ಕೇಳುತ್ತಿದ್ದರು. ನಿಂತವರು ಕೂತರು, ಕೂತವರು ಸದಸ್ಯರೂ ಆದರು. ದೊಡ್ಡ ಅಕಾಡೆಮಿಯಲ್ಲಿ ಬಹಳ ಕಾಲ ಹೆಂಗಸರು ತೀರ ಕಡಿಮೆ ಇದ್ದರು ಎಂದು ಇವರು ಹೇಳಿದಾಗ, ಹಿಂದಿನ ಮನೆಯವಳು, "ಅವರ ಮನ್ಯಾಗ ಕಟ್ಟಿ ಇರಲಿಲ್ಲ ಕಾಣ್ತದ ಬಿಡ್ರಿ" ಎಂದಿದ್ದಳು. ಅವಳ ತವರು ಕೊಂಕಲ್ ಹಳ್ಳಿ. ಕೂಲಿಗೆ ಹೋಗುವ ಬೌದ್ಧರ ಮನೆ, ಬಾಗಿಲ ಮೇಲೆ ಬುದ್ಧನ ಪಟ. ನನ್ನ ಕೊರಳಲ್ಲಿ ಲಿಂಗ. ನಮ್ಮಿಬ್ಬರ ನಡುವೆ ಒಂದು ಗೋಡೆ, ಆ ಗೋಡೆಯನ್ನು ದಿನಾ ಹಾರಿ ಬರುವ ಅವಳದೊಂದು ಆಡು. ಅವಳ ಹೆಸರು ಸೂಚಿತವಾದಾಗ, ತೊಗರಿ ಹೂವಿಗೆ ಜೇನುಹುಳ ಹೊತ್ತು ಏರಿದ ಮೇಲೆ ಬರುವುದನ್ನು ನೋಡಿದ್ದಾಗಿ ಅವಳು ಹೇಳಿದಳು. ಯಾಕೆ ಎಂದು ಕೇಳಿದರೆ, "ಗೊತ್ತಿಲ್ರಿ, ಇನ್ನಾ ನೋಡ್ತೀನಿ" ಎಂದಳು. ಇವರಿಗೆ ಅಷ್ಟು ಸಾಕಾಗಿತ್ತು. ಎಲ್ಲರೂ ಕೈ ಎತ್ತಿದರು.

ಎಲ್ಲರೂ ಯಾವಾಗಲೂ ಕೈ ಎತ್ತುತ್ತಿದ್ದರು, ಅದೇ ಸಂಗತಿ. ಮುಖದೆದುರು ಕೂತವರಿಗೆ ಬೇಡ ಎನ್ನುವ ಮಂದಿಯೇ ಅಲ್ಲ ನಾವು. ಒಬ್ಬರು ಮಾತ್ರ ಸದಸ್ಯರಾಗಿರಲಿಲ್ಲ. ಅದನ್ನು ಕಟ್ಟಿದ ನನ್ನ ಗಂಡ. ಮನೆಯ ಗೋಡೆಯನ್ನು ಯಾರಾದರೂ ಮನೆಗೆ ಬಾ ಎಂದು ಕರೆಯುತ್ತಾರೆಯೇ? ಅವರ ಹೆಸರು ಸೂಚಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಸದಸ್ಯರಲ್ಲದ್ದರಿಂದ ಇನ್ನೊಬ್ಬರ ಹೆಸರು ಹೇಳುವ ಹಕ್ಕೂ ಅವರಿಗಿರಲಿಲ್ಲ. ಹಾಗಂತ ನಾನು ಛೇಡಿಸಿದರೆ, ನಿಯಮ ಅಂದರೆ ನಿಯಮ ಎಂದು ನಗುತ್ತಿದ್ದರು.

ಒಂದು ಮುಂಜಾನೆ ಗಡ್ಡ ಮಾಡಿಕೊಳ್ಳುವಾಗ ಅವರ ಕೈಯಿಂದ ಕನ್ನಡಿ ಬಿತ್ತು. ಲಕ್ವ ಹೊಡೆದಿತ್ತು. ಕಲಬುರಗಿಯ ದವಾಖಾನೆಯಲ್ಲಿ ಇಟ್ಟುಕೊಂಡರು. ಕೈ ಬಂತು, ಕಾಲು ಬಂತು, ಮಾತು ಮಾತ್ರ ಪೂರಾ ಬರಲಿಲ್ಲ. ಯೋಚನೆಗೆ ಏನೂ ಆಗಿರಲಿಲ್ಲ, ನಾಲಿಗೆ ದಪ್ಪವಾಗಿತ್ತು. ತುಂಬಿದ ಕ್ಲಾಸಿನ ಹಿಂದಿನ ಬೆಂಚಿಗೂ ಕೇಳುವ ಹಾಗೆ ಮಾತಾಡುತ್ತಿದ್ದ ಮನುಷ್ಯ ಒಂದು ಗ್ಲಾಸು ನೀರು ಕೇಳಲು ಬೆವರುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ನಳ ಬಿಟ್ಟು ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ.

ಆಮೇಲೆ ನಾನು ಅವರ ಬಾಯಿಯಾದೆ. ಅವರು 'ನೀ' ಅನ್ನುವುದರೊಳಗೆ ನಾನು ನೀರು ತಂದಿರುತ್ತಿದ್ದೆ. ಬಂದವರೆದುರು ಅವರು ಒಂದು ಶಬ್ದ ಎತ್ತಿದರೆ ನಾನು ವಾಕ್ಯ ಮುಗಿಸುತ್ತಿದ್ದೆ. ಅವರು ಒಂದು ಕ್ಷಣ ನನ್ನನ್ನು ನೋಡಿ ತಲೆ ಆಡಿಸುತ್ತಿದ್ದರು. ಎಷ್ಟು ಚೆನ್ನಾಗಿ ತಿಳಿಯುತ್ತದೆ ನಿನಗೆ ಎಂದು ಎಲ್ಲರೂ ಹೊಗಳುವಾಗ ನಾನೂ ಹಿಗ್ಗುತ್ತಿದ್ದೆ. ಅವರು ಮನಸ್ಸು ಬಿಚ್ಚಿ ಮಾತಾಡಿದ್ದು ಹಿಂದಿನ ಮನೆಯ ಆಡಿನ ಜೊತೆ. ಗೋಡೆ ಹಾರಿ ಬಂದ ಅದಕ್ಕೆ ರೊಟ್ಟಿ ಚೂರು ಕೊಡುತ್ತ ಏನೇನೋ ಹೇಳುತ್ತಿದ್ದರು, ಮತ್ತು ಅದು ಸ್ವಚ್ಛವಾಗಿ ಕೇಳುತ್ತಿತ್ತು. ಮನುಷ್ಯರೊಡನೆ ತೊದಲುವವರು ಆಡಿನೊಡನೆ ಹೇಗೆ ಮಾತಾಡುತ್ತಾರೆ ಎಂದು ನನಗೆ ಸಿಟ್ಟೂ ಬರುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು.

ಸಭೆ ಮತ್ತೆ ಶುರುವಾಯಿತು. ಅವರು ಕಂಬಕ್ಕೆ ಒರಗಿ ಕೂರುವುದು, ನಾನು ಹೊಸ್ತಿಲಲ್ಲಿ ನಿಂತು ಅವರ ಮಾತು ಹೇಳುವುದು. ಅಕಾಡೆಮಿಯ ಕಥೆಯನ್ನು ಯಾರೂ ಕೇಳಲಿಲ್ಲ, ಅವರಿಗೆ ತ್ರಾಸಾದೀತೆಂದು. ಒಂದು ಸಭೆಯ ಕೊನೆಗೆ ಸುರಪುರದ ಮಾಸ್ತರು ಎದ್ದು ನಿಂತರು. "ಇಷ್ಟ್ ದಿನ ನಮಗ ಬುದ್ಧಿ ಎಲ್ಲಿ ಹೋಗಿತ್ತೋ ಏನೋ. ನಮ್ಮ ಸರ್ ಅವರನ್ನ ಮೆಂಬರ್ ಮಾಡ್ಬೇಕಂತ ನಾ ಹೇಳ್ತೀನಿ" ಎಂದರು. ಹಿಂದಿನ ಮನೆಯವಳು, "ನಂದೂ ಅದೇ ಮಾತ್ರಿ" ಎಂದಳು. ಕೈಗಳು ಆಗಲೇ ಮೇಲೆ ಹೋಗಿದ್ದವು.

ಇವರು ಎರಡೂ ಕೈಯಿಂದ ಬೇಡ ಎಂದರು. ಆಮೇಲೆ ಬಹಳ ಹೊತ್ತು ತಗೊಂಡು ಏನೋ ಹೇಳಿದರು. ನಾನು ಅದನ್ನು ಅವರದೇ ಮಾತಾಗಿ ಜನರಿಗೆ ಹೇಳಿದೆ. ಎತ್ತಿದ ಕೈಯೆಲ್ಲ ಕನಿಕರದ ಕೈ, ಅವು ನನಗೆ ಬೇಡ. ಆರಿಸುವುದಾದರೆ ದೊಡ್ಡ ಅಕಾಡೆಮಿಯ ಹಾಗೆ ಗುಟ್ಟಾಗಿ ಆರಿಸಬೇಕು. ನನಗೆ ಯೋಗ್ಯತೆ ಇಲ್ಲ, ಇವನ ಮಾತು ಇನ್ನು ಕೇಳಲಾಗದು ಎಂದು ಅನ್ನಿಸಿದವರು ಹಾಗೇ ಹೇಳಲು ದಾರಿ ಇರಬೇಕು. ಬರುವ ಸಭೆಯಲ್ಲಿ ಹೇಗೆ ಅನ್ನುವುದನ್ನು ನಾನೇ ನನ್ನ ಬಾಯಿಂದ ಹೇಳುತ್ತೇನೆ, ಎಂದು.

ಜನ ಹೋದ ಮೇಲೆ ನನ್ನ ಕಡೆ ತಿರುಗಿ, "ಅವತ್ತು... ನೀ... ಹೊರಗ ಬರಬ್ಯಾಡ" ಎಂದರು. ಇದೊಂದು ವಾಕ್ಯವನ್ನು ನಾನು ಮುಗಿಸಲಿಲ್ಲ.

ಆ ತಿಂಗಳೆಲ್ಲ ಅವರು ಅಭ್ಯಾಸ ಮಾಡಿದರು. ಯುರೋಪಿನ ಹಳೆಯ ಸಭೆಗಳಲ್ಲಿ ಹೌದು ಎನ್ನಲು ಬಿಳಿ ಗೋಲಿ, ಬೇಡ ಎನ್ನಲು ಕರಿ ಗೋಲಿ ಹಾಕುತ್ತಿದ್ದರಂತೆ. ನಮ್ಮ ಮನೆಯಲ್ಲಿ ಗೋಲಿ ಎಲ್ಲಿಂದ ತರುವುದು? ಡಬ್ಬಿಯಲ್ಲಿ ಬಿಳಿಜೋಳ ಇತ್ತು, ಕೆಂಪು ತೊಗರಿ ಇತ್ತು. ಜೋಳ ಅಂದರೆ ಹೌದು, ತೊಗರಿ ಅಂದರೆ ಬೇಡ. ಇಷ್ಟನ್ನು ಗೋಡೆಯ ಕಡೆ ಮುಖ ಮಾಡಿ ಹೇಳಿ ಹೇಳಿ ನೋಡಿಕೊಂಡರು. ತಿಳೀತದೇನು ಎಂದು ನನ್ನನ್ನು ಕೇಳಿದರು. ನನಗೆ ಅಕ್ಷರ ಅಕ್ಷರವೂ ತಿಳಿಯಿತು. ಅಂಗೈ ನೆಲ್ಲಿಯ ಹಾಗೆ ತಿಳಿಯುತ್ತದೆ ಎಂದೆ. ದಿನಾ ಕೇಳುವ ಕಿವಿಗೂ ತಿಂಗಳಿಗೊಮ್ಮೆ ಕೇಳುವ ಕಿವಿಗೂ ಎಷ್ಟು ಅಂತರ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಸಭೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ಬಾಗಿಲ ಮರೆಯಲ್ಲಿ ಎರಡು ತಾಟಿನಲ್ಲಿ ಕಾಳು, ಪಕ್ಕಕ್ಕೆ ಒಂದು ಮಣ್ಣಿನ ಗಡಿಗೆ. ಒಬ್ಬೊಬ್ಬರಾಗಿ ಹೋಗಿ ಒಂದೊಂದು ಕಾಳು ಮುಷ್ಟಿಯಲ್ಲಿ ಹಿಡಿದು ಹಾಕಬೇಕು. ನಾನು ಮಷಿನ್ನಿನ ಮುಂದೆ ಕೂತು ಕಾಲು ಆಡಿಸದೆ ಕೇಳಿದೆ. ಗಾಬರಿಗೆ ಅವರ ಮಾತು ಇನ್ನೂ ದಪ್ಪವಾಗಿತ್ತು, ಆದರೂ ಪೂರ್ತಿ ಹೇಳಿದರು. ಹೇಳಿ, "ತಿಳೀತೇನು?" ಎಂದರು. "ಹೌದ್ರಿ ಸರ" ಎಂದು ಇಡೀ ಕಟ್ಟೆ ಹೇಳಿತು. ಅವರು ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತರು. ಮುಖ ಬೆಳಗುತ್ತಿತ್ತು. ಗಡಿಗೆಯಲ್ಲಿ ಕಾಳು ಬೀಳುವ ಸಪ್ಪಳ ನಮಗೆ ಕೇಳುತ್ತಿತ್ತು.

ಸುರಪುರದ ಮಾಸ್ತರು ಗಡಿಗೆಯನ್ನು ಒಳಗೆ ತಂದು ತಾಟಿಗೆ ಸುರಿದರು. ತಾಟೆಲ್ಲ ಕೆಂಪು. ನಡುವೆ ಬೆರಳಲ್ಲಿ ಎಣಿಸುವಷ್ಟು ಬಿಳಿ ಕಾಳು. ಹಳೆಯ ಗೋಲಿಯ ಕಥೆ ಬಲ್ಲ ಮಾಸ್ತರಿಗೆ ಬಿಳಿ ಅಂದರೆ ಹೌದು ಎಂದು ಗೊತ್ತಿತ್ತು. ಅವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಇವರು ಕಾಳನ್ನು ನೋಡುತ್ತಿದ್ದರು. ಮಾಸ್ತರು ಹೊರಗೆ ಹೋಗಿ, "ಇವತ್ತಿಗಿ ಇಷ್ಟ್ ಸಾಕ್ರಿ, ಸರ್ ದಣದಾರ" ಎಂದಷ್ಟೇ ಹೇಳಿದರು. ಫಲಿತಾಂಶ ಹೇಳುವ ಧೈರ್ಯ ಅವರಿಗಾಗಲಿಲ್ಲ. ಜನ ನಗುನಗುತ್ತಲೇ ಭಜಿ ತಿಂದು, ನಮಸ್ಕಾರ ಹೇಳಿ ಹೋದರು. ಆ ನಗು ನೋಡಿ ನನ್ನ ಮೈ ಉರಿಯಿತು.

ಅವತ್ತಿನಿಂದ ಅವರು ಮಾತು ಬಿಟ್ಟರು. ಹಟಕ್ಕೆ ಬಿಟ್ಟದ್ದಲ್ಲ. ಡಾಕ್ಟರು ಹೇಳಿದ ಬಾಯಿಯ ವ್ಯಾಯಾಮ ಬಿಟ್ಟರು, ಗೋಡೆಗೆ ಹೇಳುವುದು ಬಿಟ್ಟರು, ಆಡು ಬಂದರೆ ರೊಟ್ಟಿ ಕೊಟ್ಟು ಸುಮ್ಮನಿರುತ್ತಿದ್ದರು. ಒಮ್ಮೆ ಮಾತ್ರ, "ಖರೇ... ಹೇಳ್ಯಾರ" ಎಂದರು. ಜನ ಸತ್ಯವನ್ನೇ ಹೇಳಿದ್ದಾರೆ, ಅದಕ್ಕೇ ತಾನೇ ಗುಟ್ಟಾಗಿ ಕೇಳಿದ್ದು ಎಂದು ಅದರ ಅರ್ಥ. ಡಾಕ್ಟರು ನನಗೆ ಮೊದಲೇ ಎಚ್ಚರ ಕೊಟ್ಟಿದ್ದರು, ಮಾತಾಡುತ್ತಲೇ ಇದ್ದರೆ ಮಾತು ಬರುತ್ತದೆ, ಬಿಟ್ಟರೆ ಬಂದದ್ದೂ ಹೋಗುತ್ತದೆ ಎಂದು. ನನ್ನ ಕಣ್ಣೆದುರೇ ಅದು ಹೋಗುತ್ತಿತ್ತು.

ನನಗೆ ಇಡೀ ಓಣಿಯ ಮೇಲೆ ಸಿಟ್ಟು. ಇವರ ಚಾ ಕುಡಿದು, ಇವರ ಮಾತು ಕೇಳಿ ಬೆಳೆದು, ಸಮಯ ನೋಡಿ ತೊಗರಿ ಹಾಕಿದರಲ್ಲ! ಯಾರು ಕುಪ್ಪಸದ ಬಟ್ಟೆ ತಂದರೂ ಮಷಿನ್ ಕೆಟ್ಟಿದೆ ಎಂದೆ. ಹಿಂದಿನ ಮನೆಯವಳು ತೊಗರಿ ಒಕ್ಕುವ ರಾಶಿಗೆಂದು ತವರಿಗೆ ಹೋಗಿದ್ದಳು, ಬರಲಿ ಇವಳಿಗೆ ಮಾಡಿಸುತ್ತೇನೆ ಎಂದು ಹಲ್ಲು ಕಡಿಯುತ್ತಿದ್ದೆ. ಆಡನ್ನು ಬಡಿಗೆ ತಗೊಂಡು ಅಟ್ಟಿದೆ. ಅದು ಅಷ್ಟು ದೂರ ಹೋಗಿ ನಿಂತು ನನ್ನನ್ನೇ ನೋಡಿತು.

ಅವಳು ಬಂದಳು. ಹೊಸ ಸೀರೆ, ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು.

"ಯಕ್ಕಾ, ಹೋಳಿಗಿ ತಂದೀನಿ. ಸರ್ ಮೆಂಬರ್ ಆದ್ರಲ್ಲ, ಅವತ್ತೇ ಮಾಡಬೇಕಂದಿದ್ದೆ, ರಾಶಿ ಬಂತು" ಎಂದಳು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಗಾಯಕ್ಕ ಉಪ್ಪು ಹಚ್ಚಾಕ ಬಂದಿ ಏನು? ತೊಗರಿ ಹಾಕಿದವರು ನೀವು, ಹೋಳಿಗಿ ತಂದವರೂ ನೀವು."

ಅವಳು ನನ್ನನ್ನು ಪಿಳಿಪಿಳಿ ನೋಡಿದಳು. "ಹೌದು, ತೊಗರಿ ಹಾಕೀನಿ. ನಾವು ಹೆಣ್ಮಕ್ಕಳು ಎಲ್ಲಾರೂ ತೊಗರೀನೇ ಹಾಕೀವಿ. ಮತ್ತೇನ್ ಜ್ವಾಳ ಹಾಕಬೇಕಿತ್ತೇನು ಸರ್‌ಗ?"

ಅವಳು ಕೇಳಿದ ರೀತಿಗೆ ನನ್ನ ಕೈ ಬಾಗಿಲಿನಿಂದ ಇಳಿಯಿತು. ನಮ್ಮ ಕಡೆ ಹೊಸ ತೊಗರಿ ಬಂದಾಗ ಬೇಕಾದವರ ಮನೆಗೆ, ಮಕ್ಕಳಿಗೆ ಕಲಿಸಿದ ಮಾಸ್ತರರ ಮನೆಗೆ ಒಂದು ಸೇರು ಕಳಿಸುವುದು ರೂಢಿ. ಜೋಳವನ್ನು ಯಾರೂ ಯಾರಿಗೂ ಕಾಣಿಕೆ ಕೊಡುವುದಿಲ್ಲ, ಅದು ದಿನದ ರೊಟ್ಟಿ. ಕೂಲಿಯವರ ಮನೆಯಲ್ಲಿ ತೊಗರಿ ಅಂದರೆ ಒಳ್ಳೆಯದು, ತುಟ್ಟಿಯದು, ಕಾಯ್ದಿಟ್ಟಿದ್ದು. ನನ್ನ ಅಡುಗೆಮನೆಯಲ್ಲೇ ಅವರೆಲ್ಲ ತಂದುಕೊಟ್ಟ ತೊಗರಿ ಡಬ್ಬಿ ಡಬ್ಬಿ ತುಂಬಿತ್ತು. ಅವತ್ತು ತಾಟಿನಲ್ಲಿ ಇಟ್ಟಿದ್ದೂ ಅದನ್ನೇ.

"ಸರ್ ಹೇಳಿದ್ದು ಕೇಳಲಿಲ್ಲೇನು? ಜ್ವಾಳ ಅಂದ್ರ ಹೌದು, ತೊಗರಿ ಅಂದ್ರ ಬ್ಯಾಡ ಅಂತ" ಎಂದೆ.

ಅವಳು ತಾಟು ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತಳು. "ಯಕ್ಕಾ, ಸರ್ ಹೇಳಿದ್ದು ಒಂದೂ ತಿಳೀಲಿಲ್ಲ. ಯಾರಿಗೂ ತಿಳೀಲಿಲ್ಲ. ಹ್ಯಾಂಗ್ ಕೇಳೂದು? ಅಷ್ಟ್ ತ್ರಾಸ್ ಪಟ್ಟು ಹೇಳ್ಯಾರ, ಇನ್ನೊಮ್ಮಿ ಹೇಳ್ರಿ ಅನ್ನಾಕ ಬಾಯಿ ಬರ್ತದೇನು? ಒಂದ್ ಕಾಳು ಗಡಗ್ಯಾಗ ಹಾಕ್ರಿ ಅಂತ ಕೈಲೇ ತೋರ್ಸಿದ್ದಷ್ಟೇ ಗೊತ್ತಾತು. ಎರಡ್ ತಾಟ್ ಇಟ್ಟಿದ್ರಿ. ಸರ್‌ಗ ಕೊಡೂದಂದ್ರ ತೊಗರಿ ಅಂತ ನಾವೇ ತಿಳಕೊಂಡ್ವಿ. ಜ್ವಾಳ ಬ್ಯಾಡ ಅನ್ನೋರಿಗಿ ಇಟ್ಟಾರ ಅಂತ ಮಾಡಿದ್ವಿ."

ಆಮೇಲೆ ಅವಳು ಅತ್ತಳು. ನಾನು ಹೋಳಿಗೆಯ ತಾಟು ಇಸಕೊಂಡೆ, ಇನ್ನೇನು ಮಾಡಲಿ? ಅವರೆಲ್ಲ ಗಡಿಗೆಗೆ ಹೋದದ್ದು ಪ್ರೀತಿಯಿಂದ, ಒಬ್ಬೊಬ್ಬರೂ ಮುಷ್ಟಿಯಲ್ಲಿ ಒಳ್ಳೆಯ ಕಾಳು ಹಿಡಿದುಕೊಂಡು, ನನ್ನ ಗಂಡನಿಗೆ ಬೇಡ ಎನ್ನಲು.

ಅವಳು ಹೋದ ಮೇಲೆ ನನಗೆ ಪೇಚಾಟ ಶುರುವಾಯಿತು. ಹೇಳದಿದ್ದರೆ, ಜನ ನನ್ನನ್ನು ತಳ್ಳಿದರು ಎಂದು ಅವರು ಮೌನದಲ್ಲೇ ಉಳಿಯುತ್ತಾರೆ. ಹೇಳಿದರೆ, ಒಂದು ತಿಂಗಳು ಗೋಡೆಗೆ ಹೇಳಿ ಹೇಳಿ ಕಲಿತ ಮಾತು ಒಬ್ಬರಿಗೂ ತಿಳಿದಿರಲಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಯಾವುದು ಕಡಿಮೆ ನೋವು? ಇತ್ತ ದರಿ ಅತ್ತ ಪುಲಿ ಅನ್ನುವುದನ್ನು ಪುಸ್ತಕದಲ್ಲಿ ಓದಿದ್ದೆ, ಅವತ್ತು ಅದರ ನಡುವೆ ನಿಂತಿದ್ದೆ. ಸುಳ್ಳು ಸೇರಿಸಿ ಹೇಳೋಣವೆಂದೂ ಯೋಚಿಸಿದೆ, ತಾಟು ಅದಲುಬದಲಾಗಿತ್ತು ಅಂತಲೋ ಏನೋ. ಆದರೆ ಇಷ್ಟು ವರ್ಷ ಕಣ್ಣಾರೆ ಕಂಡದ್ದನ್ನೇ ಹೇಳಿ ಎಂದು ಕೂಗಿದ ಮನುಷ್ಯನಿಗೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

ಅವರು ಕಿಟಕಿಯ ಬಳಿ ಕೂತಿದ್ದರು. ಹೋಳಿಗೆಗೆ ತುಪ್ಪ ಹಾಕಿ ಮುಂದಿಟ್ಟೆ.

"ಒಂದ್ ಮಾತ್ ಹೇಳ್ತೀನ್ರಿ. ಅವತ್ತು ನೀವು ಹೇಳಿದ್ದು ಯಾರಿಗೂ ತಿಳೀಲಿಲ್ಲಂತ" ಎಂದೆ.

ಅವರ ಮುಖ ಒಣಗಿತು. ಆದರೂ ನಾನು ನಿಲ್ಲಿಸಲಿಲ್ಲ. ಜೋಳ ಕೊಡಲು ಮನಸ್ಸು ಬರಲಿಲ್ಲವಂತೆ, ಸರ್‌ಗೆ ತೊಗರಿಯೇ ಸೈ ಎಂದು ಹಾಕಿದರಂತೆ, ನೀವು ಆರಿಸಿಬಂದಿರಿ ಎಂದು ಹೋಳಿಗೆ ಮಾಡಿದ್ದಾಳೆ, ಎಂದೆಲ್ಲ ಹೇಳಿದೆ. ಅವರು ತಾಟು ನೋಡಿದರು. ಹೋಳಿಗೆಯ ಒಳಗೆ ತೊಗರಿಬೇಳೆಯ ಹೂರಣ. ಹೆಗಲು ಅಲುಗಾಡಿತು, ಅಳುತ್ತಾರೇನೋ ಎಂದು ನಾನು ಎದ್ದೆ. ಅವರು ನಗುತ್ತಿದ್ದರು. ಲಕ್ವ ಹೊಡೆದ ಮೇಲೆ ಅಂಥ ನಗು ನಾನು ಕೇಳಿರಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ನನ್ನ ಕೈ ಹಿಡಿದುಕೊಂಡು ಮತ್ತೆ ನಕ್ಕರು. ನಾನೂ ನಕ್ಕೆ. ಇಬ್ಬರೂ ಮುದುಕರು ಹೋಳಿಗೆ ಮುಂದಿಟ್ಟುಕೊಂಡು ಹುಚ್ಚರ ಹಾಗೆ ನಗುವುದನ್ನು ಆಡು ಗೋಡೆಯ ಮೇಲೆ ನಿಂತು ನೋಡುತ್ತಿತ್ತು. ಅವತ್ತು ಅದನ್ನು ನಾನೇ ಕರೆದು ರೊಟ್ಟಿ ಕೊಟ್ಟೆ.

ದೊಡ್ಡ ಅಕಾಡೆಮಿಯಲ್ಲೂ ಒಮ್ಮೆ ಆಯ್ಕೆಯಾಗದವರ ಹೆಸರು ಮತ್ತೆ ಬರಬಹುದು. ಇದನ್ನು ಅವರೇ ನೆನಪಿಸಿದರು. ಸುರಪುರದ ಮಾಸ್ತರಿಗೆ ನಾನು ಫೋನು ಮಾಡಿ ಎಲ್ಲ ಹೇಳಿದೆ. ಮತ್ತೆ ಸಭೆ ಕೂಡಿತು. ಮತ್ತೆ ಎರಡು ತಾಟು, ಅದೇ ಗಡಿಗೆ. ನಾನು ಬಂದು ಹೇಳಲೇನು ಎಂದು ಕೇಳಿದ್ದಕ್ಕೆ ಅವರು ಬೇಡ ಎಂದಿದ್ದರು. ಮಷಿನ್ನಿನ ಮುಂದೆ ಕೂತು, ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿದೆ. ಅವರು ಹೇಳಿದರು. "ತಿಳೀತೇನು?" ಎಂದರು.

ಯಾರೂ ಹೌದ್ರಿ ಎನ್ನಲಿಲ್ಲ. ಓಣಿಯಲ್ಲಿ ಹೋಗುವ ಟಂಟಂ ಗಾಡಿಯ ಸಪ್ಪಳ ಕೇಳಿ, ದೂರವಾಗಿ, ನಿಂತಿತು.

ಆಗ ಹಿಂದಿನ ಮನೆಯವಳ ದನಿ ಬಂತು. "ಸರ, ತಿಳೀಲಿಲ್ರಿ. ಇನ್ನೊಮ್ಮಿ ಹೇಳ್ರಿ."

ನಾನು ಎದ್ದು ಬಾಗಿಲಿಗೆ ಬಂದುಬಿಟ್ಟಿದ್ದೆ. ಚೌಕಟ್ಟು ಹಿಡಿದು ನಿಂತೆ. ಅವರ ಬೆನ್ನು ನನಗೆ ಕಾಣುತ್ತಿತ್ತು. ಆ ಬೆನ್ನು ನೆಟ್ಟಗಾಯಿತು. ಕ್ಲಾಸಿನಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಾಗ ಹೀಗೇ ನಿಲ್ಲುತ್ತಿದ್ದರು ಎಂದು ಅವರ ಕೈಯಲ್ಲಿ ಕಲಿತ ಹುಡುಗಿಯರು ನನಗೆ ಹೇಳಿದ್ದಾರೆ. ಅವರು ಇನ್ನೊಮ್ಮೆ ಹೇಳಿದರು, ನಿಧಾನವಾಗಿ. ಇನ್ಯಾರೋ, "ಜ್ವಾಳ ಅನ್ನೂತನ ತಿಳೀತ್ರಿ, ಮುಂದಿಂದು ತಿಳೀಲಿಲ್ಲ" ಎಂದರು. ಅವರು ಮುಂದಿನದನ್ನು ಹೇಳಿದರು. ಯಾರಿಗೂ ಅವಸರ ಇರಲಿಲ್ಲ. ಯಾರೂ ಅವರ ಬಾಯಿಂದ ಶಬ್ದ ಕಸಿದುಕೊಳ್ಳಲಿಲ್ಲ. ಹೇಳುತ್ತ ಹೇಳುತ್ತ ಮಾತು ಸ್ವಚ್ಛವಾಗುತ್ತಿತ್ತು, ಆಡಿನ ಮುಂದೆ ಆಗುತ್ತಿದ್ದ ಹಾಗೆ. ನನಗೆ ಅದು ಅರ್ಥವಾದದ್ದು ಆವಾಗ. ಆಡು ಎಂದೂ ಅವರ ವಾಕ್ಯವನ್ನು ಮುಗಿಸಿರಲಿಲ್ಲ.

ಗಡಿಗೆಯನ್ನು ಈ ಸಲ ಎಲ್ಲರೆದುರೇ ಸುರಿದರು. ಬಿಳಿ ಬಿಳಿ ಜೋಳ. ಹೊಸ ಸದಸ್ಯರು ಒಂದು ಸಂಗತಿ ಹೇಳಬೇಕಲ್ಲ, ಅವರು ಅಕಾಡೆಮಿಯ ಕಥೆಯನ್ನೇ ಎತ್ತಿದರು. ಮೊದಲು ಒಂದು ತಾಸಿನಲ್ಲಿ ಮುಗಿಯುತ್ತಿದ್ದ ಕಥೆ, ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಹೇಳಿ ಎಂದು ಕೇಳಿಸಿಕೊಳ್ಳುತ್ತ, ದೀಪ ಹಚ್ಚುವ ಹೊತ್ತಿಗೆ ಮೂರು ಊರುಗಳ ಜಗಳದವರೆಗೆ ಬಂದಿತ್ತು. ನಾನು ಮಷಿನ್ನಿಗೆ ಹೋಗಿ ಒಂದು ಸಲ ಸುಮ್ಮನೆ ತುಳಿದು ನಿಲ್ಲಿಸಿದೆ. ಅವರು ಕಿಟಕಿಯ ಕಡೆ ತಿರುಗಿ ನೋಡಿ ನಕ್ಕರು.

ಜನ ಹೋದ ಮೇಲೆ ಒಳಗೆ ಬಂದು ನನಗೆ ಏನೋ ಹೇಳಿದರು. "ಚಾ ಬೇಕೇನ್ರಿ?" ಎಂದೆ. ಅಲ್ಲ ಎಂದು ತಲೆ ಅಲ್ಲಾಡಿಸಿದರು. ಮತ್ತೆ ಹೇಳಿದರು. ಗುಳಿಗೆ ಎಂದು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವರ ಎದುರಿಗೆ ಕೂತೆ.

"ತಿಳೀಲಿಲ್ರಿ. ಇನ್ನೊಮ್ಮಿ ಹೇಳ್ರಿ" ಎಂದೆ.

ಅವರು ನನ್ನನ್ನು ನೋಡಿದರು. ಆ ನೋಟವನ್ನು ನಾನು ಹೇಗೆ ಹೇಳಲಿ? ಮದುವೆಯ ಹೊಸದರಲ್ಲೂ ಹಾಗೆ ನೋಡಿರಲಿಲ್ಲ.

"ಈಗ... ನಾ ಮೆಂಬರ್. ಹೆಸರು... ಹೇಳೋ ಹಕ್ಕ್ ಬಂತು. ನಿನ್ನ ಹೆಸರು... ಹೇಳ್ತೀನಿ."

ನನಗೆ ನಗು ಬಂತು. "ನಾ ಚಾ ಮಾಡಾಕಿ. ಕಣ್ಣಾರೆ ಕಂಡದ್ದು ಹೇಳ್ಬೇಕಲ್ರಿ, ನಾ ಏನ್ ನೋಡೀನಿ?"

"ನನ್ನ" ಎಂದರು. ಉಸಿರು ತಗೊಂಡು ಮತ್ತೆ ಹೇಳಿದರು, "ನನ್ನ ನೋಡೀದಿ. ಅದನ್ನ ಹೇಳು."

ಹೀಗಾಗಿ ನಾನು ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡಿದ್ದೇನೆ, ಕಟ್ಟೆಯ ಮೇಲೆ ಎದ್ದು ನಿಂತು ಓದಲಿಕ್ಕೆ. ತಾಟಿನಲ್ಲಿ ಜೋಳವೂ ಇರುತ್ತದೆ, ತೊಗರಿಯೂ ಇರುತ್ತದೆ, ಯಾವುದು ಯಾವುದಕ್ಕೆ ಎಂದು ಈಗ ಎಲ್ಲರಿಗೂ ಗೊತ್ತು. ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ತಡೆದು ಕೇಳಿ. ಇನ್ನೊಮ್ಮೆ ಹೇಳುತ್ತೇನೆ.